ಅಧಿಕ ರಕ್ತದೊತ್ತಡದ ಔಷಧೋಪಚಾರ ಮತ್ತು ರಕ್ತಪರಿಚಲನೆ

(ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ತಾಲ್ಲೂಕುಗಳ ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ)

ಗ್ರಾಮ ಸಭೆಗಳಲ್ಲಿ ನೀರು, ರಸ್ತೆ, ಬೀದಿದೀಪ, ಚರಂಡಿಗಳ ಬಗ್ಗೆ ದೂರುಗಳು ಬರುತ್ತವೆ. ತನಗೆ ರಕ್ತದೊತ್ತಡವಿದೆ, ಗುಳಿಗೆ ಸಿಗುತ್ತಿಲ್ಲ ಎಂದು ಎದ್ದು ನಿಂತು ಹೇಳಿದವರು ಅಪರೂಪ. ಈ ಕಾಯಿಲೆಗೆ ನೋವಿಲ್ಲ, ಜ್ವರವಿಲ್ಲ, ಬಾವು ಇಲ್ಲ. ಬಹಳ ಮನೆಗಳಲ್ಲಿ ಅದರ ಮೊದಲ ದೂರು ಲಕ್ವದ ರೂಪದಲ್ಲಿಯೇ ಬರುತ್ತದೆ. ಅಂದು ಬೆಳಿಗ್ಗೆ ಹೊಲಕ್ಕೆ ಹೊರಟಿದ್ದ ಮನುಷ್ಯನ ಬಾಯಿ ಸೊಟ್ಟಗಾಗುತ್ತದೆ, ಒಂದು ಕೈ ಕಾಲು ಬೀಳುತ್ತದೆ. ಮೊದಲು ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ವಿಜಯಪುರ ಅಥವಾ ಸೊಲ್ಲಾಪುರ, ಕೆಲವೊಮ್ಮೆ ಮಿರಜ. ಎತ್ತು ಮಾರಾಟವಾಗುತ್ತದೆ, ಮಗಳ ಓದು ನಿಲ್ಲುತ್ತದೆ, ದುಡಿಯುವ ಇನ್ನೊಬ್ಬರು ರೋಗಿಯ ಆರೈಕೆಗೆಂದು ಮನೆಯಲ್ಲಿ ಉಳಿಯಬೇಕಾಗುತ್ತದೆ. ಪಂಚಾಯತಿಯ ಯಾವ ಲೆಕ್ಕಪತ್ರದಲ್ಲಿಯೂ ದಾಖಲಾಗದ ಈ ನಷ್ಟದ ದೊಡ್ಡ ಭಾಗವನ್ನು ದಿನಕ್ಕೊಂದು ಗುಳಿಗೆಯಿಂದ ತಡೆಯಬಹುದಾಗಿದೆ. ಆ ಗುಳಿಗೆ ದೇಹದೊಳಗೆ ಏನು ಮಾಡುತ್ತದೆ, ಜನರು ಅದನ್ನು ಏಕೆ ಬಿಡುತ್ತಾರೆ, ಈ ವಿಷಯದಲ್ಲಿ ಸದಸ್ಯರ ಪಾತ್ರವೇನು ಎಂಬುದು ಈ ಪಾಠದ ವಿಷಯ.

ಒತ್ತಡವೆಂದರೇನು

ನೀರು ಸರಬರಾಜಿನ ಕಷ್ಟಸುಖ ಅರಿತಿರುವ ಸದಸ್ಯರಿಗೆ ರಕ್ತಪರಿಚಲನೆಯನ್ನು ವಿವರಿಸುವುದು ಕಠಿಣವಲ್ಲ. ಹೃದಯವು ಪಂಪು, ಧಮನಿಗಳು ಕೊಳವೆಗಳು. ವಿಶ್ರಾಂತಿಯಲ್ಲಿರುವ ವಯಸ್ಕನ ಹೃದಯವು ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ದೂಡುತ್ತದೆ. ದೇಹದಲ್ಲಿರುವ ರಕ್ತದ ಪ್ರಮಾಣವೂ ಹೆಚ್ಚುಕಡಿಮೆ ಅಷ್ಟೇ. ಎಂದರೆ ಇಡೀ ರಕ್ತವು ನಿಮಿಷಕ್ಕೊಮ್ಮೆ ದೇಹವನ್ನು ಸುತ್ತಿ ಬರುತ್ತದೆ. ಹೃದಯವು ಸಂಕುಚಿಸಿದಾಗ ಧಮನಿಯ ಗೋಡೆಯ ಮೇಲೆ ಬೀಳುವ ಒತ್ತಡವು ಮೇಲಿನ ಅಂಕಿ. ಎರಡು ಬಡಿತಗಳ ನಡುವೆ ಉಳಿಯುವ ಒತ್ತಡವು ಕೆಳಗಿನ ಅಂಕಿ. 120/80 ಎಂಬುದನ್ನು ಸಹಜವೆಂದು ಪರಿಗಣಿಸಲಾಗುತ್ತದೆ. ಬೇರೆ ಬೇರೆ ದಿನಗಳಲ್ಲಿ ಸರಿಯಾಗಿ ಅಳೆದಾಗ ಮೇಲಿನದು 140 ಅಥವಾ ಕೆಳಗಿನದು 90 ಇಲ್ಲವೇ ಅದಕ್ಕಿಂತ ಹೆಚ್ಚು ಬಂದರೆ ಅದು ಅಧಿಕ ರಕ್ತದೊತ್ತಡ.

ಈ ಅಂಕಿಗಳು ಪಾದರಸದ ಮಿಲಿಮೀಟರುಗಳಲ್ಲಿವೆ. ಪಾದರಸವು ನೀರಿಗಿಂತ 13.6 ಪಟ್ಟು ಭಾರವಾದ್ದರಿಂದ 120 ಎಂದರೆ ಸುಮಾರು 1.6 ಮೀಟರ್ ಎತ್ತರದ ನೀರಿನ ಕಂಬಕ್ಕೆ ಸಮ. 180 ಎಂದರೆ ಸುಮಾರು 2.4 ಮೀಟರ್. ಮೇಲ್ಮಟ್ಟದ ಟ್ಯಾಂಕಿಗೆ ಹೋಲಿಸಿದರೆ ಇದು ಅಲ್ಪವೆಂದು ತೋರಬಹುದು. ಆದರೆ ಇಲ್ಲಿ ಪಂಪು ಒಂದು ಮುಷ್ಟಿಯ ಗಾತ್ರದ್ದು. ಅದು ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ, ಅದನ್ನು ದುರಸ್ತಿಗೆಂದು ಒಂದು ಗಂಟೆಯೂ ನಿಲ್ಲಿಸುವಂತಿಲ್ಲ. ರಕ್ತದೊತ್ತಡವನ್ನು ಮೊದಲು ಅಳೆದದ್ದೂ ನೀರಿನ ಕಂಬದ ರೀತಿಯಲ್ಲಿಯೇ. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಕುದುರೆಯ ಧಮನಿಗೆ ಗಾಜಿನ ಉದ್ದ ಕೊಳವೆಯನ್ನು ಜೋಡಿಸಿ, ರಕ್ತವು 8 ಅಡಿ 3 ಅಂಗುಲ ಮೇಲೇರಿದುದನ್ನು 1733ರ ತನ್ನ ಗ್ರಂಥದಲ್ಲಿ ದಾಖಲಿಸಿದನು. ಮನುಷ್ಯರ ತೋಳಿಗೆ ಪಟ್ಟಿ ಸುತ್ತಿ ಅಳೆಯುವ ವಿಧಾನವನ್ನು ಇಟಲಿಯ ರಿವಾ-ರೋಚಿ 1896ರಲ್ಲಿ ಪ್ರಕಟಿಸಿದನು. ಇಂದು ಉಪಕೇಂದ್ರದಲ್ಲಿರುವ ಯಂತ್ರವು ಅದೇ ಪಟ್ಟಿಯ ವಂಶಜ.

ಒತ್ತಡವನ್ನು ನಿರ್ಧರಿಸುವಲ್ಲಿ ದೊಡ್ಡ ಧಮನಿಗಳ ಪಾತ್ರ ಕಡಿಮೆ. ಕೂದಲೆಳೆಯಂತಹ ಕಿರುಧಮನಿಗಳೇ ಈ ಜಾಲದ ವಾಲ್ವುಗಳು. ಅವುಗಳ ಗೋಡೆಯಲ್ಲಿ ಸ್ನಾಯುಗಳಿದ್ದು, ಅವು ಬಿಗಿದರೆ ದಾರಿ ಕಿರಿದಾಗುತ್ತದೆ, ಸಡಿಲಿಸಿದರೆ ಹಿಗ್ಗುತ್ತದೆ. ಕೊಳವೆಯಲ್ಲಿ ದ್ರವದ ಹರಿವಿನ ನಿಯಮವನ್ನು 1840ರ ದಶಕದಲ್ಲಿ ನಿರೂಪಿಸಿದವನು ಫ್ರಾನ್ಸಿನ ವೈದ್ಯ ಪ್ವಾಸೆಯ್. ಆ ನಿಯಮದಂತೆ ಕೊಳವೆಯ ತ್ರಿಜ್ಯ ಅರ್ಧವಾದರೆ ಹರಿವಿಗೆ ತಡೆಯು ಎರಡು ಪಟ್ಟಲ್ಲ, ಹದಿನಾರು ಪಟ್ಟಾಗುತ್ತದೆ. ತ್ರಿಜ್ಯವು ಕೇವಲ ಶೇ. 10ರಷ್ಟು ಹಿಗ್ಗಿದರೆ ತಡೆಯು ಸುಮಾರು ಮೂರನೇ ಒಂದು ಭಾಗದಷ್ಟು ಇಳಿಯುತ್ತದೆ. ಐದು ಮಿಲಿಗ್ರಾಂನ ಚಿಕ್ಕ ಗುಳಿಗೆಯೊಂದು ಇಡೀ ದೇಹದ ಒತ್ತಡವನ್ನು ಇಳಿಸಬಲ್ಲದು ಎಂಬ ಆಶ್ಚರ್ಯದ ಹಿಂದಿನ ಗಣಿತ ಇದೇ.

ಹೋಲಿಕೆಗೆ ಒಂದು ಮಿತಿಯೂ ಇದೆ. ರಕ್ತನಾಳವು ಕಬ್ಬಿಣದ ಪೈಪಲ್ಲ, ಜೀವಂತ ಅಂಗ. ವರ್ಷಗಟ್ಟಲೆ ಹೆಚ್ಚಿನ ಒತ್ತಡಕ್ಕೆ ಒಳಗಾದ ಕಿರುಧಮನಿಯ ಗೋಡೆ ದಪ್ಪವಾಗುತ್ತದೆ, ದಾರಿ ಇನ್ನಷ್ಟು ಕಿರಿದಾಗುತ್ತದೆ, ಅದರಿಂದ ಒತ್ತಡ ಮತ್ತಷ್ಟು ಏರುತ್ತದೆ. ಹೆಚ್ಚಿನ ಎತ್ತರಕ್ಕೆ ನೀರೆತ್ತುವ ಮೋಟಾರಿನಂತೆ ಹೃದಯದ ಎಡಭಾಗದ ಸ್ನಾಯು ದಪ್ಪಗಟ್ಟಿ, ಕೊನೆಗೆ ಸೋಲುತ್ತದೆ. ಮೆದುಳಿನ ಸೂಕ್ಷ್ಮ ನಾಳಗಳು ಒಡೆಯುತ್ತವೆ ಅಥವಾ ಮುಚ್ಚಿಕೊಳ್ಳುತ್ತವೆ. ಮೂತ್ರಪಿಂಡದ ಸೋಸುವ ಜಾಲರಿ ಹಾಳಾಗುತ್ತದೆ. ಡಯಾಲಿಸಿಸ್‌ಗೆಂದು ವಾರಕ್ಕೆ ಎರಡು ಮೂರು ಸಲ ಪಟ್ಟಣಕ್ಕೆ ಅಲೆಯುವವರಲ್ಲಿ ಹಲವರ ಕಥೆ ಆರಂಭವಾದದ್ದು ಹೀಗೆ. ತಂಬಾಕು, ಜರ್ದಾ, ಗುಟ್ಕಾ ಸೇರಿದರೆ ಈ ಎಲ್ಲವೂ ಬೇಗ ಬರುತ್ತವೆ.

ಗುಳಿಗೆ ಬರುವ ಮುಂಚೆ

ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್ವೆಲ್ಟ್ 1945ರ ಏಪ್ರಿಲ್ 12ರಂದು ಮೆದುಳಿನ ರಕ್ತಸ್ರಾವದಿಂದ 63ನೆಯ ವಯಸ್ಸಿನಲ್ಲಿ ನಿಧನರಾದರು. ಆ ದಿನ ಅಳೆದ ಒತ್ತಡ 300/190. ಅವರ ಬಳಿ ಹಡಗುಪಡೆಯ ತಜ್ಞ ವೈದ್ಯರಿದ್ದರು. ಒತ್ತಡವನ್ನು ನೆಚ್ಚಿಕೊಂಡು ಇಳಿಸುವ ಗುಳಿಗೆ ಮಾತ್ರ ಆಗ ಜಗತ್ತಿನಲ್ಲಿಯೇ ಇರಲಿಲ್ಲ. ಅಂದು ಅಮೆರಿಕದ ಅಧ್ಯಕ್ಷರಿಗೆ ದೊರೆಯದ ಚಿಕಿತ್ಸೆಯು ಇಂದು ಗ್ರಾಮದ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಉಚಿತವಾಗಿ ದೊರೆಯುತ್ತದೆ.

ಆರಂಭಿಕ ಔಷಧಗಳಲ್ಲಿ ಒಂದು ಭಾರತದ್ದೇ ಎಂಬುದು ಹೆಮ್ಮೆಯ ಸಂಗತಿ. ಮುಂಬಯಿಯ ಹೃದ್ರೋಗ ತಜ್ಞ ಡಾ. ರುಸ್ತುಂ ಜಾಲ್ ವಕೀಲ್ ಅವರು ಸರ್ಪಗಂಧದ ಬೇರಿನಿಂದ ರಕ್ತದೊತ್ತಡ ಇಳಿಯುವುದನ್ನು ರೋಗಿಗಳಲ್ಲಿ ಪರಿಶೀಲಿಸಿ 1949ರಲ್ಲಿ ‘ಬ್ರಿಟಿಷ್ ಹಾರ್ಟ್ ಜರ್ನಲ್’ನಲ್ಲಿ ಪ್ರಕಟಿಸಿದರು. ಅದರ ಸಾರವಾದ ರಿಸರ್ಪಿನ್ ಅನ್ನು 1952ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಬೇರ್ಪಡಿಸಿದರು. ಮನಸ್ಸಿನ ಖಿನ್ನತೆಯಂತಹ ತೊಂದರೆಗಳ ಕಾರಣದಿಂದಲೂ ಅದಕ್ಕಿಂತ ಉತ್ತಮ ಔಷಧಗಳು ಬಂದುದರಿಂದಲೂ ಅದರ ಬಳಕೆ ಈಗ ಕಡಿಮೆ. ಸಂತೆಯಲ್ಲಿ ಬೇರು ಮಾರುವವರ ಮಾತು ನಂಬಿ ಆಸ್ಪತ್ರೆಯ ಗುಳಿಗೆ ಬಿಡುವವರಿಗೆ ಈ ಇತಿಹಾಸವನ್ನು ತಿಳಿಸಬಹುದು. ಬೇರಿನಲ್ಲಿ ಗುಣವಿದ್ದುದು ನಿಜ. ಒಂದು ಚೂರಿನಲ್ಲಿ ಎಷ್ಟು ಔಷಧವಿದೆ ಎಂಬುದನ್ನು ಮಾರುವವನೂ ಅರಿಯನು, ಕೊಳ್ಳುವವನೂ ಅರಿಯನು.

ಯಾವ ಗುಳಿಗೆ ಎಲ್ಲಿ ಕೆಲಸ ಮಾಡುತ್ತದೆ

ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಹೆಚ್ಚಾಗಿ ಕಾಣುವ ಹೆಸರುಗಳು ಮೂರು: ಆಮ್ಲೋಡಿಪಿನ್, ಟೆಲ್ಮಿಸಾರ್ಟಾನ್, ಕ್ಲೋರ್‌ಥಾಲಿಡೋನ್. ಯಾರಿಗೆ ಯಾವುದು, ಎಷ್ಟು ಎಂಬುದು ವೈದ್ಯರ ತೀರ್ಮಾನ. ಆದರೆ ಅವು ಬೇರೆ ಬೇರೆ ಕಡೆ ಕೆಲಸ ಮಾಡುತ್ತವೆ ಎಂಬುದನ್ನು ತಿಳಿದರೆ, ‘ಪಕ್ಕದ ಮನೆಯವರ ಗುಳಿಗೆಯನ್ನೇ ನಾನೂ ತೆಗೆದುಕೊಂಡರೇನು’ ಎಂಬ ಪ್ರಶ್ನೆಗೆ ಸದಸ್ಯರು ಉತ್ತರಿಸಬಲ್ಲರು.

ಆಮ್ಲೋಡಿಪಿನ್ ನೇರವಾಗಿ ವಾಲ್ವಿಗೆ ಹೋಗುತ್ತದೆ. ಕಿರುಧಮನಿಯ ಸ್ನಾಯು ಬಿಗಿಯಬೇಕಾದರೆ ಅದರ ಕೋಶದೊಳಗೆ ಕ್ಯಾಲ್ಸಿಯಂ ಪ್ರವೇಶಿಸಬೇಕು. ಈ ಔಷಧವು ಆ ಬಾಗಿಲನ್ನು ಭಾಗಶಃ ಮುಚ್ಚುತ್ತದೆ. ಸ್ನಾಯು ಸಡಿಲಗೊಂಡು ದಾರಿ ಹಿಗ್ಗುತ್ತದೆ, ಒತ್ತಡ ಇಳಿಯುತ್ತದೆ, ಹೃದಯದ ಹೊರೆ ಕಡಿಮೆಯಾಗುತ್ತದೆ. ಇದನ್ನು ಸೇವಿಸುವವರಲ್ಲಿ ಕೆಲವರಿಗೆ ಸಂಜೆಯ ಹೊತ್ತಿಗೆ ಪಾದ, ಹರಡು ಊದಿಕೊಳ್ಳುತ್ತವೆ. ‘ಗುಳಿಗೆಯಿಂದ ಕಿಡ್ನಿ ಹೋಯಿತು’ ಎಂದು ಹೆದರಿ ಔಷಧ ಬಿಟ್ಟವರು ಪ್ರತಿ ಊರಿನಲ್ಲಿ ಸಿಗುತ್ತಾರೆ. ಇಲ್ಲಿ ಸಾಮಾನ್ಯವಾಗಿ ನಡೆಯುವುದು ಬೇರೆ. ಒಳಬರುವ ಕಿರುಧಮನಿಗಳು ಹಿಗ್ಗುತ್ತವೆ, ಹಿಂದಿರುಗಿಸುವ ಅಭಿಧಮನಿಗಳು ಅಷ್ಟು ಹಿಗ್ಗುವುದಿಲ್ಲ. ನಡುವಣ ಲೋಮನಾಳಗಳಲ್ಲಿ ಒತ್ತಡ ಹೆಚ್ಚಿ ಅಲ್ಲಿಂದ ನೀರಿನಂಶವು ಜಿನುಗಿ, ಇಳಿಜಾರಿನ ತುದಿಯಾದ ಪಾದದಲ್ಲಿ ನಿಲ್ಲುತ್ತದೆ. ಪ್ರಮಾಣ ಇಳಿಸಿದರೆ ಅಥವಾ ಔಷಧ ಬದಲಿಸಿದರೆ ಈ ಬಾವು ಇಳಿಯುತ್ತದೆ. ಆದಾಗ್ಯೂ ಬಾವು ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿಂದಲೂ ಬರಬಹುದಾದ್ದರಿಂದ ವೈದ್ಯರಿಗೆ ತೋರಿಸುವುದು ಅವಶ್ಯ.

ಟೆಲ್ಮಿಸಾರ್ಟಾನ್ ವಾಲ್ವನ್ನು ಬಿಗಿಯುವ ಆಜ್ಞೆಯನ್ನೇ ತಡೆಯುತ್ತದೆ. ಮೂತ್ರಪಿಂಡವು ತನಗೆ ರಕ್ತ ಸಾಲದೆಂದು ಭಾವಿಸಿದಾಗ ಕಳುಹಿಸುವ ರಾಸಾಯನಿಕ ಸಂದೇಶದ ಸರಣಿಯಲ್ಲಿ ಆಂಜಿಯೋಟೆನ್ಸಿನ್ ಎಂಬುದು ಕೊನೆಯ ಹಂತ. ಅದು ನಾಳಗಳನ್ನು ಬಿಗಿಯುತ್ತದೆ, ಉಪ್ಪು ನೀರನ್ನು ದೇಹದಲ್ಲಿ ಉಳಿಸುತ್ತದೆ. ಔಷಧವು ಈ ಸಂದೇಶವನ್ನು ಸ್ವೀಕರಿಸುವ ಸ್ಥಳದಲ್ಲಿ ಕುಳಿತು ಅದನ್ನು ನಿಷ್ಫಲಗೊಳಿಸುತ್ತದೆ. ಸಕ್ಕರೆ ಕಾಯಿಲೆಯಿಂದ ಮೂತ್ರದಲ್ಲಿ ಪ್ರೋಟೀನು ಹೋಗುತ್ತಿರುವವರಿಗೆ ಈ ಗುಂಪಿನ ಔಷಧ ವಿಶೇಷ ಉಪಕಾರಿ. ಗರ್ಭಿಣಿಯರಿಗೆ ಇದು ಸಲ್ಲದು, ಶಿಶುವಿಗೆ ಹಾನಿಯಾಗುತ್ತದೆ. ಗರ್ಭಿಣಿಯರಿಗೆ ಬೇರೆ ಔಷಧಗಳಿವೆ. ಆದ್ದರಿಂದ ಈ ಗುಳಿಗೆ ಸೇವಿಸುತ್ತಿರುವ ಮಹಿಳೆಗೆ ಮುಟ್ಟು ತಪ್ಪಿದರೆ ಆಶಾ ಕಾರ್ಯಕರ್ತೆಗೆ ತಕ್ಷಣ ತಿಳಿಸಬೇಕು.

ಕ್ಲೋರ್‌ಥಾಲಿಡೋನ್ ಮೂತ್ರಪಿಂಡದ ಮೂಲಕ ಉಪ್ಪನ್ನೂ ಅದರೊಂದಿಗೆ ನೀರನ್ನೂ ಹೊರಹಾಕುತ್ತದೆ. ಮೊದಲ ವಾರಗಳಲ್ಲಿ ನಾಳಗಳಲ್ಲಿರುವ ದ್ರವದ ಪ್ರಮಾಣ ತಗ್ಗುತ್ತದೆ; ಕಾಲಕ್ರಮದಲ್ಲಿ ನಾಳಗಳೂ ಸಡಿಲಗೊಳ್ಳುತ್ತವೆ. ಈ ಜಿಲ್ಲೆಯಲ್ಲಿ ಇದರ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ತಾಪಮಾನವು 40 ಡಿಗ್ರಿ ದಾಟುವಾಗ ಉದ್ಯೋಗ ಖಾತರಿ ಕಾಮಗಾರಿಯಲ್ಲಿ ಮಣ್ಣು ಹೊರುವವರು ಬೆವರಿನಲ್ಲಿಯೇ ಬಹಳ ನೀರು, ಉಪ್ಪು ಕಳೆದುಕೊಳ್ಳುತ್ತಾರೆ. ಅದರ ಮೇಲೆ ಈ ಗುಳಿಗೆಯೂ ಇದ್ದರೆ ಎದ್ದು ನಿಂತಾಗ ಕಣ್ಣು ಕತ್ತಲಿಡುವುದು, ಸ್ನಾಯು ಸೆಳೆತ, ನಿಶ್ಶಕ್ತಿ ಉಂಟಾಗಬಹುದು. ವಾಂತಿ ಭೇದಿಯಾದ ದಿನ ಈ ಗುಳಿಗೆಯನ್ನೂ ಟೆಲ್ಮಿಸಾರ್ಟಾನನ್ನೂ ಮುಂದುವರಿಸಬೇಕೇ ಎಂಬುದನ್ನು ಅದೇ ದಿನ ಸಮುದಾಯ ಆರೋಗ್ಯಾಧಿಕಾರಿಯನ್ನು ಕೇಳಿ ತಿಳಿಯತಕ್ಕದ್ದು.

ಅಟೆನೊಲಾಲ್‌ನಂತಹ ಔಷಧಗಳು ಪಂಪಿನ ವೇಗವನ್ನೇ ತಗ್ಗಿಸುತ್ತವೆ. ಇವುಗಳನ್ನು ಹಠಾತ್ತನೆ ನಿಲ್ಲಿಸಿದರೆ ಹೃದಯಕ್ಕೆ ಅಪಾಯವಿದೆ.

ಒತ್ತಡವನ್ನು ಒಂದೇ ದಿನದಲ್ಲಿ ಇಳಿಸಿಬಿಡಬೇಕೆಂಬ ಆತುರವೂ ಸಲ್ಲದು. ಬಹುಕಾಲ ಹೆಚ್ಚಿನ ಒತ್ತಡದಲ್ಲಿ ನೀರು ಪಡೆಯುತ್ತಿದ್ದ ಊರಿನ ಮುಖ್ಯ ವಾಲ್ವನ್ನು ಒಮ್ಮೆಲೇ ತಗ್ಗಿಸಿದರೆ ಕೊನೆಯ ಓಣಿಗೆ ನೀರು ತಲುಪುವುದಿಲ್ಲ. ಮೆದುಳು ಮತ್ತು ಮೂತ್ರಪಿಂಡಗಳೂ ಹಳೆಯ ಒತ್ತಡಕ್ಕೆ ಹೊಂದಿಕೊಂಡಿರುತ್ತವೆ. ಅವಕ್ಕೆ ಹೊಸ ಮಟ್ಟಕ್ಕೆ ಮರಳಲು ವಾರಗಳು ಬೇಕು. ಆದ್ದರಿಂದಲೇ ವೈದ್ಯರು ಕಡಿಮೆ ಪ್ರಮಾಣದಿಂದ ಆರಂಭಿಸಿ, ತಿಂಗಳಿಗೊಮ್ಮೆ ಅಳೆದು, ಅಗತ್ಯವಿದ್ದರೆ ಏರಿಸುತ್ತಾರೆ. ಮೊದಲ ವಾರದ ಸಣ್ಣ ತಲೆಸುತ್ತಿಗೆ ಗುಳಿಗೆ ಬಿಡುವ ಬದಲು, ಹಾಸಿಗೆಯಿಂದ ನಿಧಾನವಾಗಿ ಏಳುವುದು, ಕುಳಿತು ನಂತರ ನಿಲ್ಲುವುದು ರೂಢಿಯಾದರೆ ಬಹುತೇಕರಿಗೆ ಸಾಕಾಗುತ್ತದೆ. ತಲೆಸುತ್ತು ಹೆಚ್ಚಿದರೆ ಅಥವಾ ಬಿದ್ದರೆ ವೈದ್ಯರನ್ನು ಕಾಣಬೇಕು.

ಇನ್ನೊಂದು ವಿಷಯ ಸದಸ್ಯರ ಗಮನಕ್ಕೆ ಬಂದೇ ಇರುತ್ತದೆ. ಮೊಣಕಾಲು, ಸೊಂಟ ನೋವಿಗೆ ಅಂಗಡಿಯಿಂದ ತರುವ ಡೈಕ್ಲೋಫೆನ್ಯಾಕ್, ಐಬುಪ್ರೊಫೇನ್ ಮುಂತಾದ ಗುಳಿಗೆಗಳು ಒತ್ತಡವನ್ನು ಏರಿಸುತ್ತವೆ, ಒತ್ತಡದ ಔಷಧದ ಫಲವನ್ನು ತಗ್ಗಿಸುತ್ತವೆ, ಮೂತ್ರಪಿಂಡಕ್ಕೆ ಹಾನಿ ಮಾಡುತ್ತವೆ. ಕಳೆ ತೆಗೆದು, ಕಬ್ಬು ಕಡಿದು ಬಂದ ರಾತ್ರಿಯ ನೋವು ನಿಜವಾದದ್ದೇ. ಅದಕ್ಕೆ ಯಾವ ಗುಳಿಗೆ ಸುರಕ್ಷಿತವೆಂಬುದನ್ನು ಆರೋಗ್ಯ ಕೇಂದ್ರದಲ್ಲಿ ಕೇಳಬೇಕು.

ಬಿಟ್ಟ ಗುಳಿಗೆ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನಲ್ಲಿ 30ರಿಂದ 79 ವರ್ಷದ ಸುಮಾರು 128 ಕೋಟಿ ಜನರಿಗೆ ಅಧಿಕ ರಕ್ತದೊತ್ತಡವಿತ್ತು. ಅವರಲ್ಲಿ ಶೇ. 46ರಷ್ಟು ಜನರಿಗೆ ಅದು ತಿಳಿದಿರಲಿಲ್ಲ. ಹತೋಟಿಯಲ್ಲಿದ್ದುದು ಐವರಲ್ಲಿ ಒಬ್ಬರಿಗೆ ಮಾತ್ರ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15 ವರ್ಷ ಮೀರಿದ ಪುರುಷರಲ್ಲಿ ಶೇ. 24, ಮಹಿಳೆಯರಲ್ಲಿ ಶೇ. 21ರಷ್ಟು ಜನರಿಗೆ ಒತ್ತಡ ಹೆಚ್ಚಿದೆ ಅಥವಾ ಅದಕ್ಕಾಗಿ ಔಷಧ ನಡೆದಿದೆ. ಪಂಚಾಯತಿ ವ್ಯಾಪ್ತಿಯಲ್ಲಿ ಆ ವಯಸ್ಸಿನ 4,000 ಜನರಿದ್ದಾರೆಂದು ಇಟ್ಟುಕೊಂಡರೆ, ದೇಶದ ಸರಾಸರಿಯ ಲೆಕ್ಕದಲ್ಲಿ ಸುಮಾರು 900 ಜನರಾಗುತ್ತಾರೆ. ಉಪಕೇಂದ್ರದ ವಹಿಯಲ್ಲಿ ಎಷ್ಟು ಹೆಸರುಗಳಿವೆ ಎಂಬುದನ್ನು ಇದಕ್ಕೆ ಹೋಲಿಸಿ ನೋಡಬಹುದು.

ಗೊತ್ತಿದ್ದೂ ಗುಳಿಗೆ ಬಿಡುವವರ ಸಮಸ್ಯೆ ಬೇರೆಯದು. ಎರಡು ತಿಂಗಳು ಸೇವಿಸಿದ ನಂತರ ಅಳೆದಾಗ 128/80 ಬರುತ್ತದೆ. ‘ಬಿ.ಪಿ. ನಾರ್ಮಲ್ ಬಂತು, ಇನ್ನ್ಯಾಕ ಗುಳಿಗಿ?’ ಎಂದು ನಿಲ್ಲಿಸುತ್ತಾರೆ. ಆ ಅಂಕಿ ಗುಳಿಗೆಯ ಅಂಕಿಯೇ ಹೊರತು ಕಾಯಿಲೆ ವಾಸಿಯಾದುದರ ಗುರುತಲ್ಲ. ಆಮ್ಲೋಡಿಪಿನ್‌ನ ಒಂದು ಗುಣವೇ ಇಲ್ಲಿ ಮೋಸ ಮಾಡುತ್ತದೆ. ಅದರ ಅರ್ಧ ಭಾಗ ರಕ್ತದಿಂದ ಹೊರಹೋಗಲು 30ರಿಂದ 50 ಗಂಟೆಗಳು ಬೇಕು. ನಿಲ್ಲಿಸಿದ ಮರುದಿನ ಏನೂ ಆಗುವುದಿಲ್ಲ, ಮೂರನೆಯ ದಿನವೂ ಏನೂ ಅನಿಸುವುದಿಲ್ಲ. ಒತ್ತಡವು ಮೆಲ್ಲಗೆ, ಸದ್ದಿಲ್ಲದೆ ಹಳೆಯ ಮಟ್ಟಕ್ಕೆ ಹೋಗುತ್ತದೆ. ಬಿಟ್ಟರೂ ಏನೂ ಆಗಲಿಲ್ಲವೆಂಬ ಅನುಭವದ ಮಾತು ಕಟ್ಟೆಯ ಮೇಲೆ ಹರಡುತ್ತದೆ, ಇನ್ನು ನಾಲ್ವರು ಬಿಡುತ್ತಾರೆ.

ಮುಂದುವರಿಸುವುದರಿಂದ ಆಗುವ ಲಾಭವನ್ನು ಅಂಕಿಗಳಲ್ಲಿಯೇ ಹೇಳಬಹುದು. 123 ಪ್ರಯೋಗಗಳ, 6 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2016ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿದ ವಿಶ್ಲೇಷಣೆಯಂತೆ, ಮೇಲಿನ ಒತ್ತಡವು 10ರಷ್ಟು ಇಳಿದರೆ ಲಕ್ವ ಶೇ. 27ರಷ್ಟು, ಹೃದಯ ವೈಫಲ್ಯ ಶೇ. 28ರಷ್ಟು, ಒಟ್ಟು ಮರಣ ಶೇ. 13ರಷ್ಟು ಕಡಿಮೆಯಾಗುತ್ತದೆ.

ಈ ನಾಲ್ಕು ತಾಲ್ಲೂಕುಗಳಲ್ಲಿ ಗುಳಿಗೆ ತಪ್ಪಲು ಅಜ್ಞಾನಕ್ಕಿಂತ ದೊಡ್ಡ ಕಾರಣ ಗುಳೆ. ಸುಗ್ಗಿಯ ನಂತರ ತಾಂಡಾಗಳಿಂದ, ಒಣಬೇಸಾಯದ ಊರುಗಳಿಂದ ಕುಟುಂಬಗಳು ಮಹಾರಾಷ್ಟ್ರ, ಗೋವಾ, ಬೆಂಗಳೂರು, ಮಂಗಳೂರುಗಳಿಗೆ ದುಡಿಯಲು ಹೋಗುತ್ತವೆ. ಗುಳಿಗೆ ಕೊಡುವ ಕೇಂದ್ರ ಊರಿನಲ್ಲಿ, ಸೇವಿಸುವವನು ಕಬ್ಬಿನ ಗದ್ದೆಯಲ್ಲಿ ಅಥವಾ ಕಟ್ಟಡದ ಕೆಲಸದಲ್ಲಿ. ತಿಂಗಳಿಗಾಗುವಷ್ಟು ಗುಳಿಗೆ ಮುಗಿದ ಮೇಲೆ ಅಪರಿಚಿತ ಊರಿನಲ್ಲಿ, ಅಪರಿಚಿತ ಭಾಷೆಯಲ್ಲಿ, ಒಂದು ದಿನದ ಕೂಲಿ ಬಿಟ್ಟು ಆಸ್ಪತ್ರೆ ಹುಡುಕುವವರು ಕಡಿಮೆ. ಹಿರಿಯರ ಮನೆಗಳಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ: ಮಕ್ಕಳು ಗುಳೆ ಹೋದ ಮೇಲೆ ಗುಳಿಗೆ ತಂದುಕೊಡುವವರೇ ಇರುವುದಿಲ್ಲ.

ಉಪ್ಪು ಮತ್ತು ಲಿಂಬೆ

ಜೋಳದ ರೊಟ್ಟಿಗೆ ಸಾಮಾನ್ಯವಾಗಿ ಉಪ್ಪು ಹಾಕುವುದಿಲ್ಲ. ಈ ಭಾಗದ ಊಟದ ಒಂದು ಪುಣ್ಯವದು. ಉಪ್ಪು ಬರುವುದು ಶೇಂಗಾ, ಅಗಸಿ, ಗುರೆಳ್ಳು ಚಟ್ನಿಪುಡಿಗಳಿಂದ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಿಂದ, ಸಂತೆಯ ಮಿರ್ಚಿ ಭಜಿಯಿಂದ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಸರಿಸುಮಾರು ಒಂದು ಟೀ ಚಮಚ, ಎಲ್ಲ ಸೇರಿ. ಬಾಯಿರುಚಿಗೆ ಹುಳಿ ಸ್ವಲ್ಪ ಹೆಚ್ಚಾದರೆ ಉಪ್ಪು ಕಡಿಮೆಯಾದುದು ತಿಳಿಯುವುದಿಲ್ಲ. ಲಿಂಬೆ ಬೆಳೆಯುವ ಇಂಡಿ ತಾಲ್ಲೂಕಿನವರಿಗೆ ಇದನ್ನು ಹೊರಗಿನವರು ಕಲಿಸಬೇಕಾಗಿಲ್ಲ. ಉಪ್ಪು ತಗ್ಗಿಸಿದ ಮಾತ್ರಕ್ಕೆ ಗುಳಿಗೆ ಬಿಡಬಹುದೆಂದು ಮಾತ್ರ ಭಾವಿಸಬಾರದು; ಗುಳಿಗೆಯ ಪ್ರಮಾಣ ಇಳಿಸಬಹುದೇ ಎಂಬುದನ್ನು ವೈದ್ಯರು ಅಳೆದು ಹೇಳುತ್ತಾರೆ.

ಸದಸ್ಯರ ಪಾಲು

2017ರ ನವೆಂಬರ್‌ನಲ್ಲಿ ಮಹಾರಾಷ್ಟ್ರ, ತೆಲಂಗಾಣ, ಕೇರಳ ಸೇರಿದಂತೆ ಐದು ರಾಜ್ಯಗಳ 25 ಜಿಲ್ಲೆಗಳಲ್ಲಿ ಭಾರತ ರಕ್ತದೊತ್ತಡ ನಿಯಂತ್ರಣ ಉಪಕ್ರಮ ಆರಂಭವಾಯಿತು. ಅದಕ್ಕೆ 2022ರಲ್ಲಿ ವಿಶ್ವಸಂಸ್ಥೆಯ ಪ್ರಶಸ್ತಿ ದೊರೆಯಿತು. ಅಲ್ಲಿ ಬಳಸಿದ್ದು ಹೊಸ ಔಷಧವಲ್ಲ. ಎಲ್ಲರಿಗೂ ಒಂದೇ ಸರಳ ಚಿಕಿತ್ಸಾ ಕ್ರಮ, ಮನೆಯ ಹತ್ತಿರ ಗುಳಿಗೆ, ದಾಸ್ತಾನು ಮುಗಿಯದಂತೆ ಎಚ್ಚರ, ಬಾರದೆ ಉಳಿದವರಿಗೆ ಕರೆ. ಇವುಗಳಲ್ಲಿ ಚಿಕಿತ್ಸೆಯ ಹೊರತು ಉಳಿದೆಲ್ಲವೂ ಆಡಳಿತದ ಕೆಲಸಗಳು.

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗೆ ಗ್ರಾಮ ಪಂಚಾಯತಿ ಸದಸ್ಯರೇ ಅಧ್ಯಕ್ಷರು, ಆಶಾ ಕಾರ್ಯಕರ್ತೆ ಸದಸ್ಯ ಕಾರ್ಯದರ್ಶಿ. ಆ ಸಭೆಯಲ್ಲಿ ‘ಎಷ್ಟು ಶಿಬಿರ ಮಾಡಿದಿರಿ’ ಎಂದು ಕೇಳುವುದು ರೂಢಿ. ಶಿಬಿರದಲ್ಲಿ ಅಳೆಯುತ್ತಾರೆ, ಭಾವಚಿತ್ರ ತೆಗೆಯುತ್ತಾರೆ, ಚಹಾ ಕುಡಿದು ಹೋಗುತ್ತಾರೆ. ಒತ್ತಡ ಇದ್ದಲ್ಲೇ ಇರುತ್ತದೆ. ಕೇಳಬೇಕಾದ ಪ್ರಶ್ನೆಗಳು ಮೂರು. ನೋಂದಾಯಿತರು ಎಷ್ಟು ಜನ? ಅವರಲ್ಲಿ ಕಳೆದ ತಿಂಗಳು ಗುಳಿಗೆ ಪಡೆದವರು ಎಷ್ಟು? ಕೊನೆಯ ಅಳತೆಯಲ್ಲಿ 140/90ಕ್ಕಿಂತ ಕೆಳಗಿರುವವರು ಎಷ್ಟು? ಉಪಕೇಂದ್ರದಲ್ಲಿ ಗುಳಿಗೆಯ ದಾಸ್ತಾನು ಮುಗಿದಿದ್ದರೆ ಅದನ್ನು ನಡವಳಿಯಲ್ಲಿ ದಾಖಲಿಸಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಮತ್ತು ತಾಲ್ಲೂಕು ಆರೋಗ್ಯಾಧಿಕಾರಿಗೆ ಪತ್ರ ಬರೆಯಬೇಕು. ಸಂಖ್ಯೆಗಳನ್ನು ಕೇಳುವ ಹಕ್ಕು ಸಮಿತಿಗಿದೆ; ರೋಗಿಗಳ ಹೆಸರಿನ ಪಟ್ಟಿಯನ್ನು ಸಭೆಯಲ್ಲಿ ಓದುವುದು, ಫಲಕದಲ್ಲಿ ಹಾಕುವುದು ಸಲ್ಲದು. ಮಗಳ ಮದುವೆ ಮಾತುಕತೆಯ ಕಾಲದಲ್ಲಿ ಇಂತಹ ಪಟ್ಟಿ ಏನು ಮಾಡಬಲ್ಲದೆಂದು ಸದಸ್ಯರು ಬಲ್ಲರು.

ಆರೋಗ್ಯ ಅಮೃತ ಅಭಿಯಾನದಡಿ ಪಂಚಾಯತಿಗೆ ಬಂದ ಕಿಟ್‌ನಲ್ಲಿ ಒತ್ತಡ ಅಳೆಯುವ ಯಂತ್ರವಿದ್ದರೆ ಅದು ಕಪಾಟಿನಲ್ಲಿದೆಯೋ ಬಳಕೆಯಲ್ಲಿದೆಯೋ, ಸೆಲ್ಲುಗಳಿವೆಯೋ ನೋಡಬೇಕು. ಅಳೆಯುವಾಗ ವ್ಯಕ್ತಿಯು ಐದು ನಿಮಿಷ ಸುಮ್ಮನೆ ಕುಳಿತಿರಬೇಕು. ಬೆನ್ನಿಗೆ ಆಸರೆ, ತೋಳು ಹೃದಯದ ಮಟ್ಟದಲ್ಲಿ, ಮಾತಿಲ್ಲ. ಅರ್ಧ ಗಂಟೆ ಮುಂಚಿನಿಂದ ಚಹಾ, ತಂಬಾಕು ಇಲ್ಲ. ಬಿಸಿಲಲ್ಲಿ ನಡೆದು ಬಂದವನನ್ನು ನಿಲ್ಲಿಸಿಕೊಂಡೇ ಅಳೆದ ಅಂಕಿಯಿಂದ ಒಬ್ಬನನ್ನು ರೋಗಿಯೆಂದು ಕರೆಯಲಾಗದು.

ಗುಳೆಯ ವಿಷಯದಲ್ಲಿ ಪಂಚಾಯತಿಗೆ ಇರುವ ತಿಳಿವಳಿಕೆ ಆರೋಗ್ಯ ಇಲಾಖೆಗೆ ಇಲ್ಲ. ಯಾವ ತಾಂಡಾದಿಂದ ಯಾವ ವಾರ ಎಷ್ಟು ಲಾರಿ, ಟ್ರ್ಯಾಕ್ಟರುಗಳು ಹೊರಡುತ್ತವೆ, ಮುಕಾದಮ ಯಾರು ಎಂಬುದನ್ನು ವಾರ್ಡಿನ ಸದಸ್ಯರು ಮುಂಚಿತವಾಗಿ ಅರಿತಿರುತ್ತಾರೆ. ಹೊರಡುವ ಎರಡು ವಾರ ಮೊದಲು ಆಶಾ ಕಾರ್ಯಕರ್ತೆಗೂ ಸಮುದಾಯ ಆರೋಗ್ಯಾಧಿಕಾರಿಗೂ ಇದನ್ನು ತಿಳಿಸಿದರೆ, ಒತ್ತಡವನ್ನು ಅಳೆದು, ವೈದ್ಯಾಧಿಕಾರಿಯ ಒಪ್ಪಿಗೆಯಂತೆ ಹೆಚ್ಚು ದಿನಗಳ ಗುಳಿಗೆ ಕೊಡಲು ಅವಕಾಶವಾಗುತ್ತದೆ. ಗುಳಿಗೆಯ ಹೆಸರು ಮತ್ತು ಪ್ರಮಾಣವನ್ನು ಸ್ಪಷ್ಟವಾಗಿ ಬರೆದ ಚೀಟಿಯನ್ನು ರೇಷನ್ ಕಾರ್ಡಿನ ಜೊತೆ ಇಟ್ಟುಕೊಳ್ಳುವಂತೆ ಹೇಳಬೇಕು. ಬೇರೆ ರಾಜ್ಯದ ಸರ್ಕಾರಿ ಆಸ್ಪತ್ರೆಯಲ್ಲಿಯೂ ಆ ಹೆಸರು ಓದಿಕೊಳ್ಳುವವರಿಗೆ ತಿಳಿಯುತ್ತದೆ. ಯುಗಾದಿಗೆ, ಜಾತ್ರೆಗೆ ಊರಿಗೆ ಮರಳಿದವರನ್ನು ಅದೇ ವಾರದಲ್ಲಿ ಮತ್ತೆ ಅಳೆಯುವಂತೆ ಉಪಕೇಂದ್ರದ ದಿನಾಂಕವನ್ನು ಸಮಿತಿಯು ಮೊದಲೇ ಗೊತ್ತುಪಡಿಸಿ ಡಂಗುರದ ಮೂಲಕ ತಿಳಿಸತಕ್ಕದ್ದು. ಒಂಟಿ ಹಿರಿಯರ ಮನೆಗಳ ಪಟ್ಟಿಯನ್ನು ಆಶಾ ಕಾರ್ಯಕರ್ತೆಯೊಂದಿಗೆ ಕುಳಿತು ಪರಿಶೀಲಿಸಿ, ಯಾರ ಮನೆಗೆ ಯಾರು ಗುಳಿಗೆ ತಲುಪಿಸುತ್ತಾರೆಂಬುದನ್ನು ಮುಂದಿನ ಸಮಿತಿ ಸಭೆಯೊಳಗಾಗಿ ನಿರ್ಧರಿಸಬೇಕು.